ದರ್ಜಿ ಮನೆತನದಲ್ಲಿ ಒಬ್ಬಳೇ ದರ್ಜಿ

ಪ್ರೊಫಿರಾಳನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವಳು ಎಂದುಕೊಳ್ಳುವುದು ಬೇಡ. ಅವಳು ನನ್ನ ತಮ್ಮ ತ್ರಾಯಾನನ ಹೆಂಡತಿಯಾಗಿದ್ದವಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾವಿಬ್ಬರೂ ಒಂದೇ ಬೀದಿಯಲ್ಲಿ ಎದುರುಬದುರು ಬಾಳಿದ್ದೇವೆ. ಅವಳ ನಾಯಿ ಬೊಗಳಿದರೂ ನನ್ನನ್ನೇ ಬಯ್ದ ಹಾಗೆ ಕೇಳಿಸುತ್ತದೆ.

ನಮ್ಮ ಮನೆತನದ ಹೆಸರು ಕ್ರೊಯ್ತೊರು. ಅಂದರೆ ದರ್ಜಿ. ಪ್ರುತ್ ಹೊಳೆಯ ಈಚೆ ದಡದ ನಮ್ಮ ಪೇಟೆಯ ಸಂತೆಯಲ್ಲಿ ನಿಂತು ಆ ಹೆಸರು ಕೂಗಿದರೆ ಒಂದು ಕಾಲಕ್ಕೆ ಅರ್ಧ ಸಂತೆ ತಿರುಗಿ ನೋಡುತ್ತಿತ್ತು. ಈಗ ಹಾಗೆ ಕೂಗಬೇಕಾದರೆ ಇಟಲಿಗೋ ಸ್ಪೇನಿಗೋ ಹೋಗಬೇಕು. ದೊಡ್ಡಪ್ಪನ ಮಕ್ಕಳು ಟ್ಯೂರಿನ್‌ನಲ್ಲಿ ಗೋಡೆಗೆ ಗಾರೆ ಬಳಿಯುತ್ತಾರೆ. ಅವರ ತಂಗಿ ಅಲ್ಲೇ ಒಬ್ಬ ಮುದುಕಿಯ ಆರೈಕೆಗೆ ನಿಂತಿದ್ದಾಳೆ. ಸ್ಪೇನಿನ ಕಾಸ್ತೆಯೋನ್‌ನಲ್ಲಿ ಕಿತ್ತಳೆ ಕೀಳುವವರು, ಡಬ್ಲಿನ್‌ನಲ್ಲಿ ಲಾರಿ ಓಡಿಸುವವನು, ಮಾಂಟ್ರಿಯಲ್‌ನಲ್ಲಿ ಒಬ್ಬ. ಅವನ ಮಕ್ಕಳಿಗೆ ತಮ್ಮ ಹೆಸರನ್ನೇ ನೆಟ್ಟಗೆ ಹೇಳಲು ಬಾರದು. ಆಗಸ್ಟ್ ಬಂತೆಂದರೆ ಎಲ್ಲರೂ ಕಾರು ತುಂಬಿಕೊಂಡು ಊರಿಗೆ ಬರುತ್ತಾರೆ. ಎಲೆಕೋಸಿನ ಸುರುಳಿಗಳನ್ನು ಹೊಟ್ಟೆಬಿರಿಯ ತಿಂದು, ಪ್ಲಮ್ ಸಾರಾಯಿ ಏರಿದ ಮೇಲೆ, ‘ನಾವು ಕ್ರೊಯ್ತೊರುಗಳು!’ ಎಂದು ಎದೆ ತಟ್ಟಿಕೊಳ್ಳುತ್ತಾರೆ. ಅಂಗಿಯ ಗುಂಡಿ ಕಿತ್ತುಹೋದರೆ ಹಾಕಿಕೊಳ್ಳಲು ಒಬ್ಬನಿಗೂ ಬರುವುದಿಲ್ಲ.

ಹೈಫಾದಲ್ಲೂ ಕ್ರೊಯ್ತೊರುಗಳಿದ್ದಾರಂತೆ. ಅವರು ನಮ್ಮ ಪೇಟೆಯ ಕೆಳಬೀದಿಯಲ್ಲಿದ್ದ ಯಹೂದಿ ದರ್ಜಿಗಳ ಕಡೆಯವರು. ಯುದ್ಧ ಮುಗಿದ ಮೇಲೆ ಒಂದೊಂದೇ ಸಂಸಾರ ಹಡಗು ಹತ್ತಿತು. ಆ ಮಾತು ಬಂದರೆ ಅಪ್ಪ ಮೇಜು ಗುದ್ದುತ್ತಿದ್ದ. “ಅವರು ಬೇರೆ, ನಾವು ಬೇರೆ,” ಎನ್ನುತ್ತಿದ್ದ. ಅಲ್ಲಿಗೆ ಆ ಮಾತು ನಿಲ್ಲುತ್ತಿತ್ತು.

ಅಪ್ಪ ರೈಲ್ವೆಯಲ್ಲಿದ್ದ. ತ್ರಾಯಾನ್ ವೆಲ್ಡಿಂಗ್ ಕಲಿತ. ನಾನು ಬೇಕರಿಯಲ್ಲಿ ಬ್ರೆಡ್ ತೂಗಿಕೊಂಡೇ ಮುದುಕಿಯಾದೆ. ನಮ್ಮ ಮನೆಗೆ ಹೊಲಿಗೆ ಬಂದದ್ದು ಹೊರಗಿನಿಂದ, ಗೈನಾ ಎಂಬುವರ ಮನೆಯಿಂದ. ಗೈನಾ ಅಂದರೆ ಕೋಳಿ. ತ್ರಾಯಾನ್ ಆ ಮನೆಯ ಹುಡುಗಿಯನ್ನು ಕಟ್ಟಿಕೊಳ್ಳುತ್ತೇನೆ ಎಂದಾಗ ಅಮ್ಮ, “ದರ್ಜಿ ಮನೆತನಕ್ಕೆ ಕೋಳಿ ತರ್ತೀಯೇನೋ?” ಎಂದು ಕೇಳಿದ್ದಳು. ನಾನೂ ನಕ್ಕಿದ್ದೆ. ಈಗಲೂ ನನಗೆ ಅದು ಒಳ್ಳೆಯ ಮಾತೆಂದೇ ಅನ್ನಿಸುತ್ತದೆ.

ಜಗಳ ಶುರುವಾದದ್ದು ಮದುವೆಯ ದಿನವೇ. ಚರ್ಚಿನಿಂದ ಬಂದು ಊಟಕ್ಕೆ ಕೂತಿದ್ದೆವು. ಮದುಮಗಳು ತನ್ನ ಗಂಡನ ಕೋಟನ್ನೇ ದಿಟ್ಟಿಸುತ್ತಿದ್ದಳು. ಆ ಕೋಟನ್ನು ಅಮ್ಮ ತನಗೆ ಗೊತ್ತಿದ್ದ ದರ್ಜಿಯೊಬ್ಬನಲ್ಲಿ ಹೇಳಿ ಹೊಲಿಸಿದ್ದಳು. ಪ್ರೊಫಿರಾ ಇದ್ದಕ್ಕಿದ್ದಂತೆ ಎದ್ದು ಗಂಡನ ಮೈಯಿಂದ ಕೋಟು ಬಿಚ್ಚಿಸಿದಳು. ಚೀಲದಿಂದ ಕತ್ತರಿ ತೆಗೆದಳು. ತನ್ನ ಮದುವೆಯ ಊಟಕ್ಕೆ ಯಾವ ಹೆಣ್ಣು ಕತ್ತರಿ ತಂದಿರುತ್ತಾಳೆ? ಬಿಳಿ ಲಂಗದ ಮೇಲೆ ಕೋಟು ಹರವಿಕೊಂಡು ಎಲ್ಲರೆದುರೇ ಕಾಲರ್ ಬಿಚ್ಚಿ ಹಾಕಿದಳು.

“ಏನೇ ಇದು?” ಎಂದಳು ಅಮ್ಮ.

“ಕಾಲರ್ ಸೊಟ್ಟಗಿದೆ ಅತ್ತೆ. ಫೋಟೋದಲ್ಲಿ ಜನ್ಮವೆಲ್ಲ ಸೊಟ್ಟಗೇ ಕಾಣ್ಸತ್ತೆ.”

“ಮೂರು ತಿಂಗಳು ಹೇಳಿ ಹೊಲಿಸಿದ ಕೋಟು ಕಣೇ ಅದು!”

“ಮೂರು ತಿಂಗಳು ಸೊಟ್ಟಗೇ ಹೊಲಿದಿದಾನೆ.”

ವಾದ್ಯದವರು ನುಡಿಸುವುದನ್ನು ನಿಲ್ಲಿಸಿದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವಳು ಕಾಲರ್ ಮತ್ತೆ ಕೂರಿಸುವವರೆಗೆ ಯಾರೂ ತುತ್ತೆತ್ತಲಿಲ್ಲ. ತ್ರಾಯಾನ್ ಅಂಗಿಯಲ್ಲೇ ಪೆದ್ದನ ಹಾಗೆ ನಗುತ್ತಾ ನಿಂತಿದ್ದ. ಅವಳ ಕೈಯ ಹೊಲಿಗೆಯನ್ನು ಸತ್ತರೂ ಮೈಗೆ ಹಾಕುವುದಿಲ್ಲ ಎಂದು ಅಮ್ಮ ಅಂದೇ ಆಣೆ ಇಟ್ಟಳು. ಕಾಲರ್ ಮಾತ್ರ ನೆಟ್ಟಗಾಗಿತ್ತು, ಅದನ್ನೂ ಹೇಳಬೇಕು.

ಮುಂದೆ ಅವಳು ಚೌಕದಲ್ಲಿ ಅಂಗಡಿ ತೆರೆದಳು. ಕ್ರೊಯ್ತೊರು ಎಂದು ದೊಡ್ಡ ಅಕ್ಷರದ ಬೋರ್ಡು ಹಾಕಿದಳು. ಅವಳ ಬಾಯಿಗೆ ಹೆದರಿದರೂ ಜನ ಅವಳ ಹತ್ತಿರವೇ ಹೋಗುತ್ತಿದ್ದರು. “ಈ ಹೊಟ್ಟೆ ಇಟ್ಕೊಂಡು ಈ ಪ್ಯಾಂಟಾ?” ಎಂದು ಶಾಲೆಯ ಹೆಡ್‌ಮಾಸ್ತರರಿಗೇ ಕೇಳಿದವಳು ಅವಳು. ಪಾದ್ರಿಗಳ ನಿಲುವಂಗಿಯನ್ನು ಮೂಸಿ ನೋಡಿ, “ಒಗೆಸಿ ತನ್ನಿ, ಆಮೇಲೆ ಮುಟ್ತೀನಿ,” ಎಂದು ವಾಪಸು ಕಳಿಸಿದ್ದಳು. ತ್ರಾಯಾನ್ ಸ್ಪೇನಿಗೆ ಹೋದ. ಮೊದಲು ಆಗಸ್ಟಿಗೆ ಬರುತ್ತಿದ್ದ, ಆಮೇಲೆ ಅದೂ ತಪ್ಪಿತು. ಅವನು ಯಾಕೆ ಬರುತ್ತಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಅತ್ತಿದ್ದರೆ ಒಂದು ಗುಟುಕು ಸಮಾಧಾನವಾಗುತ್ತಿತ್ತೋ ಏನೋ.

ಅಮ್ಮ ಸತ್ತಳು. ಎದೆಯ ಕಾಯಿಲೆ, ಕೊನೆಗೆ ಮೈಯೆಲ್ಲ ನೀರು ತುಂಬಿ ಊದಿಕೊಂಡಿತ್ತು. ನಮ್ಮಲ್ಲಿ ವಯಸ್ಸಾದವರೆಲ್ಲ ಹೋಗುವ ದಿನಕ್ಕೆಂದು ಬಟ್ಟೆಯ ಗಂಟು ಕಟ್ಟಿಟ್ಟುಕೊಂಡಿರುತ್ತಾರೆ. ಅಮ್ಮನ ಗಂಟೂ ಪೆಟ್ಟಿಗೆಯ ತಳದಲ್ಲಿತ್ತು. ಬಿಚ್ಚಿ ತೊಡಿಸಲು ಹೋದರೆ ರವಿಕೆ ಹೆಗಲಿಂದ ಕೆಳಗಿಳಿಯಲಿಲ್ಲ. ತ್ರಾಯಾನನಿಗೆ ಫೋನ್ ಮಾಡಿದೆ.

“ಕಿತ್ತಳೆ ಸೀಸನ್ ಅಕ್ಕ, ರಜಾ ಕೊಡಲ್ಲ,” ಎಂದ.

“ಅಮ್ಮ ಕಣೋ.”

“ಗೊತ್ತು ಅಕ್ಕ. ಹೂವಿಗೆ ಹೇಳಿ ಕಳಿಸ್ತೀನಿ.”

ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಪ್ರೊಫಿರಾ ನಿಂತಿದ್ದಳು, ಕತ್ತರಿಯ ಸಮೇತ. ನಾನು ಕರೆದಿರಲಿಲ್ಲ. ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಹೆಣ ಅರೆಬೆತ್ತಲೆ ಮಲಗಿತ್ತು, ಪಾದ್ರಿಗಳು ಬರುವ ಹೊತ್ತಾಗಿತ್ತು. ಅವಳು ರವಿಕೆಯ ಬೆನ್ನನ್ನು ಉದ್ದಕ್ಕೆ ಸೀಳಿ, ತಾನು ತಂದಿದ್ದ ಕಪ್ಪು ಬಟ್ಟೆಯ ಪಟ್ಟಿ ಸೇರಿಸಿ, ಅಮ್ಮನ ಮೈಮೇಲೆಯೇ ಹೊಲಿದಳು. ಸತ್ತವರ ಬಟ್ಟೆಗೆ ದಾರದಲ್ಲಿ ಗಂಟು ಹಾಕಬಾರದು ನಮ್ಮ ಕಡೆ. ಗಂಟಿಲ್ಲದೆಯೂ ಹೊಲಿಗೆ ಬಿಚ್ಚಿಕೊಳ್ಳದಂತೆ ಹಾಕಿದಳು.

“ಅತ್ತೆ, ಇವತ್ತಾದ್ರೂ ಅಲ್ಲಾಡ್ದೆ ಇರಿ,” ಎಂದಳು ಹೆಣಕ್ಕೆ.

ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ನಗುವೂ ಬಂತು, ಅದಕ್ಕೂ ಅವಳ ಮೇಲೆಯೇ ಸಿಟ್ಟು ಬಂತು. ಅಮ್ಮ ಚೆನ್ನಾಗಿ ಕಾಣುತ್ತಿದ್ದಳು. ಹೀಗೆ ಅಮ್ಮನ ಆಣೆ ಮುರಿದು, ಪ್ರೊಫಿರಾ ಕೈ ತೊಳೆದುಕೊಂಡು ಮನೆಗೆ ಹೋದಳು.

ಹೋದ ವರ್ಷ ತ್ರಾಯಾನ್ ಬಂದ, ಜೊತೆಗೆ ಲೊರೆದಾನಾಳನ್ನೂ ಕರೆತಂದ. ಅವಳು ಕಾಸ್ತೆಯೋನ್‌ನಲ್ಲಿ ಸಿಕ್ಕವಳು, ಉದ್ದ ಉಗುರಿನವಳು, ಅವನಿಗಿಂತ ಎಷ್ಟೋ ಚಿಕ್ಕವಳು. ಅವನಿಗೆ ವಿಚ್ಛೇದನ ಬೇಕಿತ್ತು. “ತಗೋ ಹೋಗು,” ಎಂದುಬಿಟ್ಟಳು ಪ್ರೊಫಿರಾ. ಆದರೆ ಲೊರೆದಾನಾಳಿಗೆ ಅಷ್ಟು ಸಾಲದು. ಚೌಕದಲ್ಲೇ ಸ್ಪೇನಿನ ಸಿದ್ಧ ಉಡುಪಿನ ಅಂಗಡಿ ಇಡುವ ಆಸೆ ಅವಳಿಗೆ, ಕ್ರೊಯ್ತೊರು ಎಂಬ ಹೆಸರಲ್ಲೇ. ಒಂದು ಪೇಟೆಯಲ್ಲಿ ಆ ಹೆಸರಿನ ಇಬ್ಬರು ಹೆಂಡಿರೇ ಎಂದು ಮೂತಿ ತಿರುವಿದಳು. ಹಾಗಾಗಿ ತ್ರಾಯಾನ್ ಹೊಸ ರಾಗ ತೆಗೆದ: ಪ್ರೊಫಿರಾ ಮನೆತನದ ಹೆಸರು ಬಿಟ್ಟುಕೊಡಬೇಕು, ಬೋರ್ಡು ಇಳಿಸಬೇಕು, ಮತ್ತೆ ಗೈನಾ ಆಗಬೇಕು. ಗಂಡ ಒಪ್ಪದಿದ್ದರೆ ವಿಚ್ಛೇದನದ ನಂತರ ಹೆಸರು ಉಳಿಸಿಕೊಳ್ಳಲು ನ್ಯಾಯಾಲಯಕ್ಕೆ ಬಲವಾದ ಕಾರಣ ತೋರಿಸಬೇಕು. ಕೋರ್ಟಿಗೇ ಬರುತ್ತೇನೆಂದು ಪ್ರೊಫಿರಾ ಪಟ್ಟು ಹಿಡಿದಳು. ಗಂಡ ಹೋದರೆ ಹೋಗಲಿ, ಹೆಸರು ಬಿಡುವುದಿಲ್ಲವೆಂದಳು.

ತ್ರಾಯಾನ್ ನನ್ನ ಮನೆಗೆ ಬಂದು ಕುರ್ಚಿ ಎಳೆದುಕೊಂಡ.

“ಅಕ್ಕ, ನೀನು ಸಾಕ್ಷಿ ಹೇಳ್ಬೇಕು. ಅವಳು ಅಮ್ಮನ್ನ ನೋಡ್ಕೊಳ್ಳಲಿಲ್ಲ, ಮನೆತನದ ಮರ್ಯಾದೆ ಕಳೆದ್ಳು ಅಂತ.”

“ಬಾಯಿ ಜೋರು ಅಂತ ಬೇಕಾದ್ರೆ ಹೇಳ್ತೀನಿ.”

“ಅಷ್ಟೇ ಸಾಲ್ದು. ಹೆಸರು ರಕ್ತದ್ದು ಅಕ್ಕ. ಅವಳದ್ದು ನಮ್ಮ ರಕ್ತ ಅಲ್ಲ.”

ಹೇಳುತ್ತೇನೆ ಎಂದೆ. ನಿಜವಾಗಿಯೂ ಹೇಳಬೇಕೆಂದೇ ಇದ್ದೆ. ಅವಳ ಬೋರ್ಡು ಇಳಿಯುವುದನ್ನು ಚೌಕದಲ್ಲಿ ನಿಂತು ನೋಡಬಹುದು ಎಂದು ಒಳಗೊಳಗೇ ಖುಷಿಯೂ ಇತ್ತು.

ವಿಚಾರಣೆಯ ದಿನ ಬೆಳಿಗ್ಗೆ ಗೇಟು ಹಾಕಿಕೊಳ್ಳುತ್ತಿದ್ದೆ. ಎದುರು ಗೇಟಿನಲ್ಲಿ ಅವಳು.

“ಅತ್ತಿಗೆ, ನನ್ನ ವಿರುದ್ಧ ಸಾಕ್ಷಿ ಹೇಳೋಕೆ ಹೊರಟ್ಯಾ?”

“ಹೌದು. ಏನೀಗ?”

“ಹೇಳು, ಬಾಯ್ತುಂಬ ಹೇಳು. ಆದ್ರೆ ಆ ನೀಲಿ ಲಂಗ ಹಾಕ್ಕೊಂಡು ಹೋಗ್ಬೇಡ. ಹಿಂದೆ ಮಡಿಕೆ ಬಿಚ್ಚಿ ಜೋತಾಡ್ತಿದೆ. ಕೋರ್ಟಿನೋರು ಕ್ರೊಯ್ತೊರುಗಳು ಅಂದ್ರೆ ಹೀಗೇ ಅಂದ್ಕೋತಾರೆ.”

ಬೇಕೆಂದೇ ಅದನ್ನೇ ಉಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ಕೈ ಹಿಂದೆ ಹೋಗಿ ಹೋಗಿ ಆ ಮಡಿಕೆಯನ್ನೇ ಮುಟ್ಟಿ ನೋಡುತ್ತಿತ್ತು.

ನ್ಯಾಯಾಧೀಶೆ, ನನಗೊಬ್ಬ ಮಗಳಿದ್ದಿದ್ದರೆ ಅವಳ ವಯಸ್ಸಿನವಳು. ತ್ರಾಯಾನನ ವಕೀಲ ಎದ್ದು ನಿಂತು, ಇದು ಪುರಾತನ ದರ್ಜಿ ಕುಲ, ಅಪ್ಪನಿಂದ ಮಗನಿಗೆ ರಕ್ತದಲ್ಲಿ ಹರಿದುಬಂದ ಹೆಸರು, ಹೊರಗಿನವರಿಗೆ ಇದರ ಮೇಲೆ ಹಕ್ಕಿಲ್ಲ ಎಂದೆಲ್ಲ ಹೊಗಳಿದ. ತ್ರಾಯಾನ್ ತಲೆಯಾಡಿಸುತ್ತಿದ್ದ. ಪಕ್ಕದಲ್ಲಿ ಲೊರೆದಾನಾ ಉಗುರು ನೋಡಿಕೊಳ್ಳುತ್ತಿದ್ದಳು. ನಾನು ಎದ್ದು ನಿಂತೆ.

“ಅತ್ತೆಯ ಕೊನೆಗಾಲದಲ್ಲಿ ಇವರು ನೋಡಿಕೊಂಡರೇ?” ಎಂದ ವಕೀಲ.

ಇಲ್ಲ ಎನ್ನಬೇಕಿತ್ತು. ತಮ್ಮನ ಮುಖ ನೋಡಿದೆ. ಆ ರವಿಕೆ ಕಣ್ಣಿಗೆ ಬಂತು, ಕಿತ್ತಳೆ ಸೀಸನ್ ಕಿವಿಗೆ ಬಂತು. ಅಂಥ ಸಿಟ್ಟು ನನಗೆ ಪ್ರೊಫಿರಾಳ ಮೇಲೂ ಎಂದೂ ಬಂದಿರಲಿಲ್ಲ.

“ಅಮ್ಮನಿಗೆ ಕೊನೇ ಬಟ್ಟೆ ತೊಡಿಸಿದ್ದು ಇವಳೇ. ಮಗ ಹೂವು ಕಳಿಸ್ದ,” ಎಂದೆ.

“ಅಕ್ಕ!” ಎಂದ ತ್ರಾಯಾನ್.

ನ್ಯಾಯಾಧೀಶೆ ಅವನನ್ನು ಸುಮ್ಮನಿರಿಸಿ ನನ್ನನ್ನು ಕೇಳಿದಳು: “ನಿಮ್ಮ ಮನೆತನದಲ್ಲಿ ಈಗ ಹೊಲಿಗೆ ಕಸುಬು ಯಾರು ಮಾಡ್ತಾರಮ್ಮಾ?”

“ಯಾರೂ ಮಾಡಲ್ಲ ತಾಯಿ. ಇವಳೊಬ್ಬಳೇ.”

“ಹಿಂದಿನವರು ಮಾಡುತ್ತಿದ್ದರಲ್ಲ! ರಕ್ತದಿಂದ ಬಂದದ್ದು!” ಎಂದ ವಕೀಲ.

“ಯಾವ ರಕ್ತಾರೀ?” ಎಂದೆ. ಬಾಯಿ ಶುರುವಾದ ಮೇಲೆ ನಿಲ್ಲಲಿಲ್ಲ. ನಮ್ಮ ಸಫ್ತಾ ಅಜ್ಜಿ ತನ್ನ ಮಾವ, ಅಂದರೆ ನಮ್ಮ ಮುತ್ತಜ್ಜ ಇರಿಮಿಯಾನಿಗೆ ಕೊನೆಯವರೆಗೂ ಗಂಜಿ ಕುಡಿಸಿದವಳು, ಎಲ್ಲ ಕತೆಯನ್ನೂ ಅವನ ಬಾಯಿಂದಲೇ ಕೇಳಿದವಳು. ಅವಳು ನನಗೆ ಹೇಳಿದ್ದನ್ನು ಹೇಳಿದೆ. ಕಾಲರಾದಲ್ಲಿ ಅಪ್ಪ ಅಮ್ಮ ಸತ್ತು, ಇರಿಮಿಯಾ ಸಂತೆಯ ಹುಲ್ಲಿನ ಗಾಡಿಯೊಳಗೆ ಬಿದ್ದಿದ್ದ ಮಗು. ಯಾರೂ ಮುಟ್ಟಲಿಲ್ಲ. ಕೆಳಬೀದಿಯ ಯಹೂದಿ ದರ್ಜಿ ಲೈಬಾ ಎತ್ತಿಕೊಂಡು ಹೋಗಿ ತನ್ನ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಹಾಸಿ ಮಲಗಿಸಿದ. ಹೆಸರು ಬರೆಯುವ ಗುಮಾಸ್ತ ಬಂದು ಈ ಹುಡುಗ ಯಾರ ಕಡೆಯವನು ಎಂದು ಕೇಳಿದಾಗ, ದರ್ಜಿ ಕಡೆಯವನು ಎಂದರು. ಅವನು ಕ್ರೊಯ್ತೊರು ಎಂದೇ ಬರೆದುಕೊಂಡ. ಅಷ್ಟೇ ನಮ್ಮ ಪುರಾತನ ಕುಲ.

“ಆಮೇಲೆ ಆ ಇರಿಮಿಯಾ ದರ್ಜಿಯಾದರೇ?” ಎಂದಳು ನ್ಯಾಯಾಧೀಶೆ.

“ಎಲ್ಲಿ ಆಗ್ತಾನೆ ತಾಯಿ! ಒಂದು ಅಂಗಿಗೆ ಎರಡೂ ತೋಳು ಒಂದೇ ಕಡೆ ಹೊಲಿದನಂತೆ. ಲೈಬಾ ಕೈಮುಗಿದು ದನದ ವ್ಯಾಪಾರಕ್ಕೆ ಕಳಿಸ್ದ. ಇಷ್ಟು ತಲೆಮಾರಲ್ಲಿ ಈ ಹೆಸರಿಗೆ ತಕ್ಕ ಕೆಲಸ ಮಾಡಿದೋಳು ಅಂದ್ರೆ ಅಗೋ, ಅಲ್ಲಿ ಕೂತಿರೋ ಆ ಕೆಟ್ಟ ಬಾಯಿಯ ಹೆಂಗಸು ಮಾತ್ರ.”

ಪ್ರೊಫಿರಾ ನನ್ನ ಕಡೆ ನೋಡಲಿಲ್ಲ. ನನ್ನ ಲಂಗದ ಮಡಿಕೆ ನೋಡುತ್ತಿದ್ದಳು.

ಹೊರಗೆ ಮೆಟ್ಟಿಲ ಮೇಲೆ ತ್ರಾಯಾನ್ ನನ್ನ ತೋಳು ಹಿಡಿದು ಅಲ್ಲಾಡಿಸಿದ. “ಎಲ್ಲರೆದುರು ನಮ್ಮನ್ನ ಯಹೂದಿ ಮನೆಯ ತಬ್ಬಲಿಗಳನ್ನಾಗಿ ಮಾಡಿಬಿಟ್ಯಲ್ಲೇ!”

“ನಾನು ಮಾಡಿಲ್ವೋ. ಕಾಲರಾ ಮಾಡಿದ್ದು. ಕೈ ಬಿಡು.”

ಹೆಸರು ಪ್ರೊಫಿರಾಳಿಗೇ ಉಳಿಯಿತು. ತ್ರಾಯಾನ್ ಮತ್ತು ಲೊರೆದಾನಾ ಸ್ಪೇನಿಗೆ ಮರಳಿದರು. ಅವನು ಫೋನ್ ಮಾಡುವುದಿಲ್ಲ. ಈ ಆಗಸ್ಟಿನಲ್ಲಿ ಟ್ಯೂರಿನ್‌ನವರು ನನ್ನ ಗೇಟಿನ ಮುಂದೆ ಹಾರ್ನ್ ಕೂಡ ಹಾಕದೆ ಹೋದರು. ರಕ್ತದವರೆಲ್ಲ ಒಟ್ಟಿಗೇ ನನ್ನ ಬಿಟ್ಟರು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಯಾರಿಗಾಗಿ ಇದೆಲ್ಲ ಮಾಡಿದೆನೋ ಅವಳು ಒಂದು ಒಳ್ಳೆಯ ಮಾತು ಕೂಡ ಆಡಲಿಲ್ಲ. ಅವಳಿಗಾಗಿ ಮಾಡಿದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮೊನ್ನೆ ಮಧ್ಯಾಹ್ನ ಅಂಗಳದಲ್ಲಿ ಬೀನ್ಸ್ ಬಿಡಿಸುತ್ತಿದ್ದೆ. ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಪ್ರೊಫಿರಾ ನೇರ ಒಳಗೆ ಬಂದಳು.

“ಏಳು. ನೆಟ್ಟಗೆ ನಿಂತ್ಕೋ.”

“ಯಾಕೆ?”

“ಅಳತೆಗೆ. ಹೋಗೋ ದಿನಕ್ಕೆ ಅಂತ ನೀನು ಕಟ್ಟಿಟ್ಟಿರೋ ಗಂಟು ನಂಗೊತ್ತು. ಸಂತೇಲಿ ತಂದಿದ್ದು. ಕಾಲರ್ ಸೊಟ್ಟ.”

“ನಿನ್ನ ಕೈ ಹೊಲಿಗೆ ನಾನು ಸತ್ರೂ ಹಾಕ್ಕೊಳಲ್ಲ.”

“ಸತ್ಮೇಲೇ ತಾನೇ ಹಾಕ್ಕೊಳೋದು? ಆಗ ನಿನ್ನ ಕೇಳೋರ್ಯಾರು? ಮತ್ತೆ, ಇನ್ಯಾರು ಬಂದು ತೊಡಿಸ್ತಾರೆ ನಿಂಗೆ, ಆ ಟ್ಯೂರಿನ್‌ನೋರಾ?”

ಬೀನ್ಸ್ ಪಕ್ಕಕ್ಕಿಟ್ಟೆ. ಎದ್ದೆ. ಅವಳು ಎದೆ, ಸೊಂಟ, ತೋಳು ಅಳೆದಳು. ಸಂತೆಯ ಕುರಿ ತಿರುಗಿಸುವ ಹಾಗೆ ನನ್ನನ್ನು ತಿರುಗಿಸಿದಳು. ಟೇಪು ಬಿಗಿ ಹಿಡಿದು, ಆಮೇಲೆ ಸಡಿಲ ಬಿಟ್ಟಳು, ಇನ್ನಷ್ಟು ಬಿಟ್ಟಳು.

“ಅಷ್ಟು ಅಗಲ ಯಾಕೆ? ನಾನೇನು ಎಮ್ಮೆನಾ?”

“ಬೇಕಾಗತ್ತೆ ಅತ್ತಿಗೆ,” ಎಂದಳು, ಗುಂಡುಸೂಜಿ ಕಚ್ಚಿಕೊಂಡೇ. “ನಮ್ಮ ಮನೆತನದೋರು ಸಾಯೋವಾಗ ಊದ್ತಾರೆ.”

ನಾನು ಕೈ ಎತ್ತಿ ನಿಂತೆ.