ಮೋರಿಯೊಳಗಿನ ಬಾಣಂತಿ

ನಾಬ್ಲಸ್ ಪಕ್ಕದ ನಿರಾಶ್ರಿತರ ಶಿಬಿರದಲ್ಲಿ ಹಾಜ್ಜಾ ರಸ್ಮಿಯಾಳಂಥ ಮುದುಕಿ ಗಲ್ಲಿಗೊಬ್ಬಳು ಸಿಗುತ್ತಾಳೆ. ಬಿಸಿನೀರು ಚೆಲ್ಲುವ ಮುನ್ನ ಮೋರಿಯತ್ತ ಬಗ್ಗಿ "ದಸ್ತೂರ್" ಎಂದು ಒಳಗಿನ ಜಿನ್ನುಗಳ ಅಪ್ಪಣೆ ಕೇಳುವುದು ಅವರೆಲ್ಲರ ರೂಢಿ. ಆದರೆ ಉಳಿದವರು ಕೇಳಿದ ಕೂಡಲೇ ಚೆಲ್ಲುತ್ತಾರೆ, ಈಕೆ ಉತ್ತರಕ್ಕೆ ಕಾಯುತ್ತಾಳೆ. "ಅತ್ತೆ, ನೀರು ಆರೇಹೋಯ್ತು" ಎಂದು ಸೊಸೆ ನಿಹಾಯಾ ಗೊಣಗಿದರೆ, "ಒಳಗೆ ಬಾಣಂತಿ ಇದಾಳೆ ಕಣೇ, ಕೂಸು ಎತ್ಕೊಂಡು ಸರಿಯೋಕೆ ಹೊತ್ತು ಬೇಡ್ವಾ?" ಎನ್ನುತ್ತಾಳೆ. ಮೋರಿ ಗುಳುಗುಳು ಎಂದ ಮೇಲೆಯೇ ಪಾತ್ರೆ ಬಗ್ಗುವುದು. ಕಟ್ಟಿಕೊಂಡ ಮೋರಿಗೆ ಸರಳು ಹಾಕಲು ಬಂದವನನ್ನೂ, "ಒಳಗಿನ ಬಾಣಂತಿ ಮನೆ ಗಂಡಸ್ರು ಹೊರಗೆ ಹೋಗಿದಾರೆ, ಸಾಯಂಕಾಲ ಬಾಪ್ಪ" ಎಂದು ಬಾಗಿಲಿನಿಂದಲೇ ಕಳಿಸಿದವಳು ಈಕೆ. ಒಮ್ಮೆ ರೇಗಿಹೋದ ನಿಹಾಯಾ ಕುದಿಯುವ ನೀರನ್ನು ಹೇಳದೆ ಕೇಳದೆ ಸುರಿದುಬಿಟ್ಟಳು. ಮುದುಕಿ ಬೈಯಲಿಲ್ಲ. ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ನಮ್ಮನ್ನ ಊರಿಂದ ಓಡಿಸ್ದಾಗ್ಲೂ ಯಾರೂ ಮುಂಚೆ ಹೇಳ್ಲಿಲ್ಲ. ರೊಟ್ಟಿ ಒಲೇಲೇ ಉಳೀತು. ಅಮ್ಮ ಆಗ ಹಸಿ ಬಾಣಂತಿ" ಎಂದಳು. ಈಗ ಆ ಮನೆಯಲ್ಲಿ ಮೋರಿ ಗುಳುಗುಳು ಎಂದಮೇಲೂ ನಿಹಾಯಾ ಪಾತ್ರೆ ಹಿಡಿದು ನಿಂತೇ ಇರುತ್ತಾಳೆ. "ಸುರಿಯೇ, ಆರೋಗ್ತಿದೆ" ಎಂದು ಮುದುಕಿಯೇ ಅವಸರಿಸಿದರೆ, "ತಾಳಿ ಅತ್ತೆ, ಅವ್ಳು ಒಲೆ ಮೇಲಿನ ರೊಟ್ಟೀನೂ ತಗೊಂಡ್ಬಿಡ್ಲಿ" ಎನ್ನುತ್ತಾಳೆ.