ತೊಳೆದು ಕೊಟ್ಟ ಅಗುಳು

ಈ ಊರು ನಮಗೆ ಮೊದಲು ಕೊಟ್ಟದ್ದು ಒಂದು ಲೋಟ ಎಳನೀರು. ನಾನು ಅದನ್ನು ಮಗನ ಬಾಯಿಂದ ಕಿತ್ತು ಅಂಗಳಕ್ಕೆ ಚೆಲ್ಲಿದೆ. ಕೊಟ್ಟವರು ನಾವು ಬಾಡಿಗೆಗೆ ನೋಡಲು ಬಂದಿದ್ದ ಮನೆಯ ಒಡತಿ ಗಿರಿಜಕ್ಕ. ಅವರು ಮಣ್ಣಿನಲ್ಲಿ ಇಂಗುತ್ತಿದ್ದ ನೀರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನಿಮ್ಮೂರಂಗೆ ಎಳನೀರನ್ನ್ ಹೀಂಗೇ ಕುಡಿತ್ರಿಯಾ?" ಎಂದು ಕೇಳಿದರು.

ಕಿತ್ತೆ ಎಂದು ಬರೆದೆ. ನನ್ನ ಗಂಡನ ಪ್ರಕಾರ ನಾನು ಮೆತ್ತಗೇ ಲೋಟ ಇಸಿದುಕೊಂಡೆ, ನೀರು ಕೈಜಾರಿ ಚೆಲ್ಲಿತು. ಇರಬಹುದು. ಹೊಸ ಊರಿನ ಮೊದಲ ದಿನಗಳನ್ನು ನಾನು ಸಿಟ್ಟಿನಿಂದಲೇ ನೆನಪಿಟ್ಟುಕೊಂಡಿದ್ದೇನೆ. ಸಿಟ್ಟು ತನಗೆ ಬೇಕಾದ ಹಾಗೆ ತಿದ್ದಿಟ್ಟಿರುತ್ತದೆ. ಇದನ್ನು ಓದುವ ಗದಗಿನ ಗೆಳತಿಯರು ಈ ಒಂದು ಮಾತನ್ನು ಕೊನೆಯವರೆಗೂ ಗಮನದಲ್ಲಿಟ್ಟುಕೊಳ್ಳಬೇಕು.

ಗಂಡನಿಗೆ ಬ್ಯಾಂಕಿನಿಂದ ಕುಂದಾಪುರಕ್ಕೆ ವರ್ಗವಾದಾಗ ನಾನು ಗದಗಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ, ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೆ. ಬಿಟ್ಟು ಬಂದೆ. ಮಗನಿಗೆ ಆಗ ಒಂದೂವರೆ ವರ್ಷ. ಹಾಲು, ಗೋಧಿ, ಶೇಂಗಾ, ಮೊಟ್ಟೆ, ಬೇಳೆ ಯಾವುದೂ ಅವನ ಮೈಗೆ ಹಿಡಿಸುತ್ತಿರಲಿಲ್ಲ. ಕೆಲವಕ್ಕೆ ಮೈಯೆಲ್ಲ ದದ್ದು, ಕೆಲವಕ್ಕೆ ರಕ್ತ ಬೆರೆತ ಭೇದಿ. ತೆಂಗು ಎಲ್ಲಕ್ಕಿಂತ ಕೆಟ್ಟದ್ದು. ತುಟಿಗೆ ತಾಗಿದರೆ ಸಾಕು, ಬಾಯಿ ಊದಿ ಉಸಿರು ಕಟ್ಟುತ್ತದೆ. ಗದಗಿನಲ್ಲಿ ತೆಂಗನ್ನು ದೂರ ಇಡುವುದು ಸುಲಭ. ನಮ್ಮಲ್ಲಿ ಅದು ದೇವರ ಮುಂದೆ ಒಡೆಯುವ ವಸ್ತು. ಇಲ್ಲಿ ಅದು ಸಾರು, ಪಲ್ಯ, ಚಟ್ನಿ, ತಲೆಗೂದಲು, ದೀಪ, ಮಗುವಿನ ಮೈ, ಎಲ್ಲದರಲ್ಲೂ ಇದೆ. ಬ್ರಹ್ಮಾವರದಲ್ಲಿ ನೋಡಿದ ಒಂದು ಮನೆ ಚೆನ್ನಾಗಿತ್ತು, ಆದರೆ ಗೋಡೆಯಾಚೆ ಕೊಬ್ಬರಿ ಎಣ್ಣೆಯ ಗಾಣ. ಬೈಂದೂರಿನ ಕಡೆ ನೋಡಿದ್ದು ಗಂಡನಿಗೆ ದೂರವಾಯಿತು. ಕೊನೆಗೆ ತಲ್ಲೂರಿನ, ನಾನು ಎಳನೀರು ಚೆಲ್ಲಿ ಬಂದ ಮನೆಯೇ ಗಟ್ಟಿಯಾಯಿತು. ಗದ್ದೆಯಂಚಿನ ದೊಡ್ಡ ಮನೆ. ಚಾವಡಿ ಎಂದು ಇಲ್ಲಿ ಕರೆಯುವ ಮುಂದಿನ ಪಡಸಾಲೆಯ ಪಕ್ಕದ ಎರಡು ಕೋಣೆ ಮತ್ತು ಒಂದು ಅಡುಗೆಮನೆ ನಮಗೆ. ಗಿರಿಜಕ್ಕ ಮತ್ತು ಅವರ ಗಂಡ ಶೀನಣ್ಣ ಅದೇ ಸೂರಿನ ಇನ್ನೊಂದು ಪಕ್ಕದಲ್ಲಿ. ಬಾವಿ ಒಂದೇ.

ಇಲ್ಲಿ ಸಿಕ್ಕ ಮಕ್ಕಳ ವೈದ್ಯೆ ಒಂದು ಪಥ್ಯ ಹಾಕಿದರು. ಕರುಳಿನ ಒಳಪದರ ಹುಣ್ಣಾಗಿದೆ, ಅದು ಮಾಯುವವರೆಗೆ ಎಲ್ಲ ನಿಲ್ಲಿಸಿ, ಒಂದೊಂದನ್ನೇ ಸೇರಿಸುತ್ತ ಹೋಗೋಣ ಎಂದರು. ಉಳಿದದ್ದು ಸೋರೆಕಾಯಿ, ಬೂದುಗುಂಬಳ, ಬಾಳೆಕಾಯಿ, ಉಪ್ಪು, ಮತ್ತು ಕುಚ್ಚಲಕ್ಕಿಯ ಗಂಜಿ. ಕುಚ್ಚಲಕ್ಕಿ ಎಂದರೆ ಭತ್ತವನ್ನು ಮೊದಲೇ ಬೇಯಿಸಿ ಒಣಗಿಸಿ ಮಾಡಿದ, ಕೆಂಪು ಬಣ್ಣದ ದಪ್ಪ ಅಕ್ಕಿ. ಅಂಗಡಿಯ ಅಕ್ಕಿ ತಂದಾಗಲೆಲ್ಲ ದದ್ದು ಎದ್ದಿತು. ಅದೇ ಮಿಲ್ಲಿನಲ್ಲಿ ಗೋಧಿಯನ್ನೂ ಬೀಸುತ್ತಾರೇನೋ, ಅದರ ಧೂಳು ಇರಬಹುದು ಎಂದು ವೈದ್ಯೆ ಊಹಿಸಿದರು. ಗಿರಿಜಕ್ಕನ ಗದ್ದೆಯ ಭತ್ತ, ಅವರೇ ಹಂಡೆಯಲ್ಲಿ ಬೇಯಿಸಿ ಅಂಗಳದಲ್ಲಿ ಒಣಗಿಸಿದ್ದು, ಅಕ್ಕಿಯನ್ನು ಬಿಟ್ಟು ಬೇರೇನೂ ಮಾಡದ ಸಣ್ಣ ಮಿಲ್ಲಿಗೆ ಹೋಗಿ ಬಂದದ್ದು. ಆ ಅಕ್ಕಿ ಅವನಿಗೆ ಹಿಡಿಸಿತು. ಅವರಿಂದ ಅಕ್ಕಿ ಕೊಳ್ಳುವುದು ರೂಢಿಯಾಯಿತು. ಅವರು ಅಳೆದು ಕೊಡುವಾಗ ಪ್ರತಿ ಸಲವೂ ಒಂದು ಮಾತು ಇರುತ್ತಿತ್ತು.

"ಬರೀ ಗಂಜಿ ಕೊಟ್ರೆ ಮಗು ಬೆಳಿತ್ತಾ? ಜೈಲಂಗೂ ಪದಾರ್ಥ ಕೊಡ್ತ್ರ್ ಮರ್ರೆ."

ಪದಾರ್ಥ ಎಂದರೆ ಇಲ್ಲಿ ಅನ್ನಕ್ಕೆ ಕಲಸಿಕೊಳ್ಳುವ ಮೇಲೋಗರ. ನಮ್ಮ ಕಡೆ ಎದುರಾದವರು "ಊಟ ಆತೇನ್ರೀ" ಎಂದು ಕೇಳಿ ಸುಮ್ಮನಾಗುತ್ತಾರೆ. ಇಲ್ಲಿ ಊಟವಾಯಿತು ಎಂದರೆ ಎಂತ ಪದಾರ್ಥ ಎಂದು ಎರಡನೆಯ ಪ್ರಶ್ನೆ ಬರುತ್ತದೆ. ಮಗನ ಪರವಾಗಿ ಸೋರೆಕಾಯಿ ಎಂದು ಹೇಳಿ ಹೇಳಿ ನನಗೆ ಆ ಪ್ರಶ್ನೆಯ ಮೇಲೆಯೇ ದ್ವೇಷ ಬಂತು. ಬಸ್ಸಿನಲ್ಲಿ, ಲಸಿಕೆಯ ಸಾಲಿನಲ್ಲಿ, ಅಂಗಡಿಯಲ್ಲಿ ಯಾರಾದರೊಬ್ಬರು ಅವನ ಕೈಗೆ ಏನಾದರೊಂದು ತುರುಕುತ್ತಿದ್ದರು. ನಾನು ಕಸಿದುಕೊಳ್ಳುತ್ತಿದ್ದೆ. ಅವನು ಅಳುತ್ತಿದ್ದ. ಸುತ್ತಲಿನವರು ನನ್ನನ್ನು ನೋಡುತ್ತಿದ್ದರು. ಕೊನೆಗೆ ನಾನು ಅವನನ್ನು ಕರೆದುಕೊಂಡು ಹೊರಗೆ ಹೋಗುವುದನ್ನೇ ಬಿಟ್ಟೆ.

ಆಮೇಲೆ ವೈದ್ಯೆ ಮೀನು ಸೇರಿಸಿ ನೋಡೋಣ ಎಂದರು. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಯಾರೂ ಮುಟ್ಟದ್ದು. ಕಾಣೆ ಎಂಬ ಉದ್ದನೆಯ, ಬೆಳ್ಳಗಿನ ಮೀನನ್ನು ಮೊದಲ ಸಲ ಕತ್ತರಿಸಿದಾಗ ನಾನು ವಾಂತಿ ಮಾಡಿಕೊಂಡು ಬಂದು ಮತ್ತೆ ಕತ್ತರಿಸಿದೆ. ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸು ನಮ್ಮ ಬಾಗಿಲಲ್ಲಿ ಕೂಗುತ್ತಿದ್ದುದೇ ಹೀಗೆ: "ಹ್ವಾಯ್, ಮೀನ್ ತಿನ್ನದ ಅಮ್ಮ, ಕಾಣೆ ಬಂದಿತ್ತ್." ಮಗನಿಗೆ ಅದು ಹಿಡಿಸಿತು. ಕೆಲವು ತಿಂಗಳಲ್ಲಿ ಮೈ ತುಂಬಿ ಅವನ ಮಣಿಕಟ್ಟಿನಲ್ಲಿ ಒಂದು ಮಡಿಕೆ ಬಿತ್ತು. ಬೇರೆ ಮಕ್ಕಳ ಕೈಯಲ್ಲಿ ಹುಟ್ಟಿನಿಂದಲೇ ಇರುವ ಆ ಮಡಿಕೆಯನ್ನು ನಾನು ದಿನಾ ಮುಟ್ಟಿ ನೋಡುತ್ತಿದ್ದೆ.

ಸಂತೋಷಕ್ಕೆ ಅವ್ವನಿಗೆ ಫೋನು ಮಾಡಿ ಹೇಳಿದೆ.

"ಮೀನಾ ತಿಂದು ದಪ್ಪ ಆದ್ನೇನು?" ಎಂದಳು ಅವ್ವ. "ನೀ ಊರಿಗೆ ಬಂದ್ರ ಬಾ. ಆ ಮೀನಿನ ಪಾತ್ರಿ ಮಾತ್ರ ತರಬ್ಯಾಡ. ನಮ್ಮ ಅಡಿಗಿಮನಿಗೂ ಬರಬ್ಯಾಡ, ಪಡಸಾಲ್ಯಾಗ ಕುಂದ್ರು."

ಹೀಗೆ ಒಂದು ವರ್ಷವಾಗುತ್ತ ಬಂತು. ಗದ್ದೆಯಲ್ಲಿ ತೆನೆ ಬಂತು. ಒಂದು ದಿನ ಅಕ್ಕಿ ಅಳೆದು ಕೊಡುತ್ತ ಗಿರಿಜಕ್ಕ, ಹಳೆಯ ಅಕ್ಕಿ ಮುಗಿಯುತ್ತ ಬಂತು, ಇನ್ನು ಹೊಸ ಬೆಳೆಯದೇ ಎಂದರು. ಅದಕ್ಕೆ ಮೊದಲು ಹೊಸ್ತು ಆಗಬೇಕು ಎಂದರು.

ಹೊಸ್ತು ಏನೆಂದು ನಮ್ಮ ಕಡೆಯವರಿಗೆ ಹೇಳಬೇಕು. ಎಳ್ಳಮಾಸಿಗೆ ನಾವು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ, ಹೊಲಕ್ಕೆ ಉಣಿಸುತ್ತೇವೆ. ಇಲ್ಲಿ ಮೊದಲ ತೆನೆಯನ್ನು ಮನೆಗೆ ತಂದು ಬಾಗಿಲು, ಕಂಬ, ಬಾವಿಗೆಲ್ಲ ಕಟ್ಟಿ, ಕೆಲವು ಹೊಸ ಕಾಳು ಸುಲಿದು ಪಾಯಸಕ್ಕೆ ಹಾಕಿ ಮನೆಮಂದಿಗೆ ಉಣಿಸುತ್ತಾರೆ. ಉಣ್ಣುವ ಮುಂಚೆ ಕಿರಿಯರು ಹಿರಿಯರಿಗೆ ಹೊಸ್ತು ಉಣ್ಣುತ್ತೇನೆ ಎಂದು ಹೇಳಬೇಕು, ಹಿರಿಯರು ಉಣ್ಣು ಎನ್ನಬೇಕು. ಪಾಯಸ ಕಾಯಿಹಾಲಿನದು, ಎಂದರೆ ತೆಂಗಿನಕಾಯಿ ಅರೆದು ಹಿಂಡಿದ ಹಾಲಿನದು.

"ಈ ಸೂರಡಿ ಇಪ್ಪರೆಲ್ಲ ಉಣ್ಕ್," ಎಂದರು ಗಿರಿಜಕ್ಕ. "ನಿಮ್ಮ ಮಗೂವೂ."

"ಅಂವಗ ಕಾಯಿಹಾಲು ನಡ್ಯಂಗಿಲ್ರಿ, ನಿಮಗ ಗೊತ್ತೈತಿ."

"ಒಂದೇ ಅಗುಳ್." ಅಗುಳು ಎಂದರೆ ಬೆಂದ ಅನ್ನದ ಒಂದು ಕಾಳು.

"ಕಾಯಿಹಾಲು ಹಾಕದ ಹೊಸ ಅಕ್ಕಿ ಬ್ಯಾರೆ ಬೇಯಿಸಿ ಕೊಡ್ರಿ. ನಾನ ಉಣ್ಣಸ್ತೀನಿ."

"ಅದ್ ಗಂಜಿ ಆತ್, ಹೊಸ್ತ್ ಆತಿಲ್ಲೆ. ಹೊಸ್ತ್ ಉಣ್ದೇ ಹೊಸ ಅಕ್ಕಿ ಮುಟ್ಟುಕಾಗ. ಹಾಂಗಾರೆ ಅವ್ನಿಗೆ ಅಕ್ಕಿ ಕೊಡುಕಾತಿಲ್ಲೆ, ಬೇಜಾರ್ ಮಾಡ್ಕಣ್ಬೇಡಿ."

ಅವರು ಬೆದರಿಸಿದರು ಎಂದು ಅಂದು ಗಂಡನಿಗೆ ಹೇಳಿದೆ. ಈಗ ಯೋಚಿಸಿದರೆ, ಬಸ್ಸು ಇಷ್ಟು ಗಂಟೆಗೆ ಹೊರಡುತ್ತದೆ ಎನ್ನುವಷ್ಟೇ ತಣ್ಣಗೆ ಅವರು ಆ ಮಾತು ಆಡಿದ್ದರು. ಸಂಪ್ರದಾಯ, ನಿಷೇಧ, ಸಮುದಾಯ ಎಂದು ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ನನ್ನ ಮಗನ ಗಂಜಿಯ ಪಾತ್ರೆಗೆ ಅದು ಅಡ್ಡ ಬಂದ ದಿನ ಆ ಪಾಠದಿಂದ ಒಂದು ಸಾಲೂ ಉಪಯೋಗಕ್ಕೆ ಬರಲಿಲ್ಲ.

ಹೊಸ್ತಿನ ದಿನ ನಮ್ಮ ಬಾಗಿಲಿಗೂ ಒಂದು ತೆನೆ ಕಟ್ಟಿದ್ದರು. ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದ ಗಂಡ. ಮಗನ ಗಂಜಿಯನ್ನು ಸ್ಟೀಲಿನ ಡಬ್ಬಿಯಲ್ಲಿ ತೆಗೆದುಕೊಂಡು ಹೋದೆವು. ಅವನಿಗೂ ಒಂದು ಎಲೆ ಹಾಕಿದ್ದರು. ನಾನು ಆ ಎಲೆಯನ್ನು ಮಡಚಿ ಬದಿಗಿಟ್ಟು ಡಬ್ಬಿ ಇಟ್ಟೆ. ಅಷ್ಟರಲ್ಲಿ ಮಗ ಶೀನಣ್ಣನ ಮುಂದೆ ಹೋಗಿ ಕೈಮುಗಿದು ನಿಂತು, ಸ್ಪಷ್ಟವಾಗಿ ಹೇಳಿದ: "ಹೊಸ್ತ್ ಉಣ್ತೆ."

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕ. ನಾನು ನೀರು ತರಲು ಹೋದಾಗ, ಬಟ್ಟೆ ಒಣಹಾಕುವಾಗ, ಗಿರಿಜಕ್ಕ ಅವನಿಗೆ ಕಲಿಸಿರಬೇಕು.

"ಉಣ್ಣ್ ಮಗಾ," ಎಂದರು ಶೀನಣ್ಣ.

ಮುಂದಿನದನ್ನು ನಾನು ನೋಡಿದೆನೋ, ಆಮೇಲೆ ಕೇಳಿದ್ದನ್ನೆಲ್ಲ ಸೇರಿಸಿ ನೋಡಿದಂತೆ ಮಾಡಿಕೊಂಡೆನೋ ಗೊತ್ತಿಲ್ಲ. ಗಿರಿಜಕ್ಕ ಒಳಗಿನಿಂದ ಎರಡು ಬೆರಳ ನಡುವೆ ಏನೋ ಹಿಡಿದು ಬಂದರು. ನಾನು ಡಬ್ಬಿಯ ಮುಚ್ಚಳದೊಂದಿಗೆ ಗುದ್ದಾಡುತ್ತಿದ್ದೆ. ತಲೆಯೆತ್ತಿದಾಗ ಮಗ ಬಾಯಿ ಆಡಿಸುತ್ತಿದ್ದ.

ತುಟಿ ಊದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಶೀನಣ್ಣ ಕೈ ತೊಳೆಯದೆಯೇ ತಮ್ಮ ವ್ಯಾನು ತೆಗೆದರು. ಕುಂದಾಪುರದ ಆಸ್ಪತ್ರೆಯವರೆಗೂ ಅವನ ಉಸಿರಿನಲ್ಲಿ ಸೀಟಿಯಂಥ ಸದ್ದು. ಇಂಜೆಕ್ಷನ್ ಕೊಟ್ಟರು, ಉಸಿರು ಹದಕ್ಕೆ ಬಂತು. ಆದರೆ ಕರುಳು ಮತ್ತೆ ಕೆರಳಿತು. ಮೀನು ನಿಂತಿತು, ಬಾಳೆಕಾಯಿ ನಿಂತಿತು. ಮಣಿಕಟ್ಟಿನ ಮಡಿಕೆ ಕರಗಿತು.

ಆಸ್ಪತ್ರೆಯಿಂದ ಮರಳಿದ ದಿನ ಬಾವಿಕಟ್ಟೆಯ ಹತ್ತಿರ ಅವರನ್ನು ತಡೆದು ನಿಲ್ಲಿಸಿದೆ.

"ನನ್ನ ಮಗನ್ನ ಕೊಲ್ಲಾಕ ಹೊಂಟಿದ್ರಿ ನೀವು."

ಗಿರಿಜಕ್ಕನ ಮುಖ ಕೆಂಪಾಯಿತು. ಅಳುತ್ತಾರೆ, ಕ್ಷಮೆ ಕೇಳುತ್ತಾರೆ ಎಂದುಕೊಂಡಿದ್ದೆ.

"ತೊಳ್ದ್ ಕೊಟ್ಟದ್ ನಾನ್," ಎಂದರು. "ಮೂರ್ ಸರ್ತಿ ಬಾವಿ ನೀರಂಗೆ ತೊಳ್ದ್ ಕೊಟ್ಟದ್. ಹೊಸ್ತಿನ ಅಗುಳ್ ಯಾರಾರೂ ತೊಳಿತ್ರಾ? ನಮ್ಮತ್ತೆ ಇದ್ದಿದ್ರೆ ನನ್ನ ಮನಿಯಿಂದ ಹೊರಗ್ ಹಾಕ್ತಿದ್ರ್. ನಿಮ್ಮ ಮಗೀಗೋಸ್ಕರ ತೊಳ್ದೆ. ಅಕ್ಕಿ ಇಲ್ದೇ ಅವ್ನ್ ಎಂತ ಉಂಬ್ದ್?"

ತೊಳೆದರೆ ಹೋಗುವುದಿಲ್ಲ, ಕಾಯಿಹಾಲಿನಲ್ಲಿ ಬೆಂದ ಕಾಳಿನ ಒಳಗೂ ಅದು ಇರುತ್ತದೆ ಎಂದು ನಾನು ಹೇಳಬೇಕಿತ್ತು. "ನನ್ನ ಮಗನ ಹತ್ರ ಬರಬ್ಯಾಡ್ರಿ" ಎಂದೆ.

"ಬತ್ತಿಲ್ಲೆ ಮರ್ರೆ. ನಿಮ್ಮ ಮಗ ನಿಮ್ಗೇ ಇರ್ಲಿ."

ಅಲ್ಲಿಂದ ಮಾತು ನಿಂತಿತು. ನಾನು ಬಾವಿಗೆ ಹೋದರೆ ಅವರು ಕೊಡ ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಮೀನಿನ ಹೆಂಗಸು ನಮ್ಮ ಬಾಗಿಲಲ್ಲಿ ಕೂಗುವುದನ್ನು ನಿಲ್ಲಿಸಿದಳು. ಮಗ ಚಾವಡಿಯ ಕಡೆಗೆ ಓಡುತ್ತಿದ್ದ, ನಾನು ಎಳೆದುಕೊಂಡು ಬರುತ್ತಿದ್ದೆ, ಅವನು ನನ್ನ ಕೈ ಕಚ್ಚುತ್ತಿದ್ದ. ಅವನಿಗೆ ಆ ಅಗುಳಿನ ನೆನಪಿಲ್ಲ, ಗಿರಿಜಕ್ಕನ ಮಡಿಲಿನ ನೆನಪಿದೆ. ಗಂಡ ಬ್ರಹ್ಮಾವರದಲ್ಲಿ ಇನ್ನೊಂದು ಮನೆ ನೋಡಿದ. ಸುತ್ತ ಗಾಣವಿರಲಿಲ್ಲ. ತಿಂಗಳ ಕೊನೆಗೆ ಬಿಡುತ್ತೇವೆ ಎಂದು ನಾನೇ ಹೋಗಿ ಹೇಳುವುದೆಂದಾಯಿತು. ಹೇಳುವ ವಾಕ್ಯವನ್ನು ಅಡುಗೆ ಮಾಡುವಾಗೆಲ್ಲ ಮನಸ್ಸಿನಲ್ಲಿ ಹರಿತ ಮಾಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅಕ್ಕಿ ತಳ ಕಂಡಿತು. ಅಂಗಡಿಯದನ್ನು, ಬೇರೆ ಕಂಪನಿಯದನ್ನು, ಇನ್ನೊಮ್ಮೆ ತಂದು ನೋಡಿದೆವು. ಎರಡು ಊಟಕ್ಕೆ ಮಗನ ಬೆನ್ನ ತುಂಬ ದದ್ದು. ಕೊಕ್ಕರ್ಣೆಯ ರೈತರೊಬ್ಬರ ಮನೆಯ ಅಕ್ಕಿ ಕೇಳಿ ತರುತ್ತೇನೆಂದು ಗಂಡ ಹೋಗಿ ಬರಿಗೈಯಲ್ಲಿ ಬಂದ, ಅವರದ್ದಿನ್ನೂ ಕೊಯ್ಲಾಗಿರಲಿಲ್ಲ. ಅವ್ವನಿಗೆ ಫೋನು ಮಾಡಿದೆ. "ಜ್ವಾಳದ ಅಂಬಲಿ ಕುಡಿಸು, ಎಲ್ಲಾ ಸರಿಹೊಕ್ಕೈತಿ" ಎಂದಳು. ಜೋಳ ಕುಡಿಸಿಯೇ ಗದಗಿನಲ್ಲಿ ಅವನನ್ನು ಒಂದು ವಾರ ಆಸ್ಪತ್ರೆಯಲ್ಲಿ ಮಲಗಿಸಿದ್ದು ಅವಳಿಗೆ ನೆನಪಿರಲಿಲ್ಲ. ಅಥವಾ ಅವಳ ನೆನಪಿನಲ್ಲಿ ಅದಕ್ಕೆ ಬೇರೆ ಕಾರಣವಿತ್ತು. ಜೋಳದ ರೊಟ್ಟಿಯಿಂದಲೇ ಬೆಳೆದ ನನ್ನ ಮೈಯಿಂದ ಹುಟ್ಟಿದ ಈ ಮಗನಿಗೆ ಜೋಳ ಆಗದು. ತಲ್ಲೂರಿನ ಒಂದು ಗದ್ದೆಯ ಭತ್ತ ಆಗುತ್ತದೆ. ಇದರಲ್ಲಿ ಯಾರನ್ನು ಬೈಯುವುದೋ ತಿಳಿಯದೆ ಎಲ್ಲರನ್ನೂ ಬೈದೆ.

ಗಿರಿಜಕ್ಕನ ಗದ್ದೆಯ ಕೊಯ್ಲಾಯಿತು. ಹಂಡೆಯಲ್ಲಿ ಭತ್ತ ಬೆಂದ ವಾಸನೆ ನಮ್ಮ ಕೋಣೆಗೂ ಬಂತು. ಅಂಗಳದಲ್ಲಿ ಹರವಿ ಒಣಗಿಸಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ, ಕೇಳಲಿಲ್ಲ. ಒಂದು ಬೆಳಿಗ್ಗೆ ಬಾಗಿಲಲ್ಲಿ ಏನೋ ಎಳೆದ ಸದ್ದಾಯಿತು. ಗಿರಿಜಕ್ಕ ಅಕ್ಕಿಯ ಚೀಲವನ್ನು ನಮ್ಮ ಹೊಸ್ತಿಲವರೆಗೆ ತಂದು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ತಕಣಿ," ಎಂದರು, ನನ್ನನ್ನು ನೋಡದೆ. "ಅವ್ನ್ ಹೊಸ್ತ್ ಉಂಡಾಯ್ತಲ್ದಾ. ಇನ್ ಕೊಡ್ಲಕ್ಕ್."

ಹರಿತ ಮಾಡಿಟ್ಟುಕೊಂಡಿದ್ದ ವಾಕ್ಯ ನಾಲಿಗೆಯವರೆಗೆ ಬಂದಿತ್ತು.

"ಇದನ್ನ ಬ್ಯಾರೆ ಮಿಲ್ಲಿಗೇನೂ ಹಾಕಿಲ್ಲಲ್ರಿ?" ಎಂದು ಕೇಳಿದೆ.

"ನಂಗೆ ಅಷ್ಟೂ ಗೊತ್ತಿಲ್ಯಾ?"

ಚೀಲ ಭಾರವಾಗಿತ್ತು. ನಾನು ಒಂದು ಮೂಲೆ ಹಿಡಿದೆ. ಕೇಳದೆಯೇ ಅವರು ಇನ್ನೊಂದು ಮೂಲೆ ಹಿಡಿದರು. ಹೊಸ್ತಿಲು ದಾಟಿಸಿ ಒಳಕ್ಕೆ ನೂಕಿ, ಅವರು ಹೊಸ್ತಿಲಾಚೆಯೇ ಉಳಿದರು.

ಅಕ್ಕಿ ತೊಳೆದು ಒಲೆಗಿಟ್ಟೆ. ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕು. ಅಷ್ಟು ಹೊತ್ತೂ ಅವರು ಅಂಗಳದಲ್ಲಿ ಗುಡಿಸಿದ್ದನ್ನೇ ಗುಡಿಸುತ್ತಿದ್ದರು. ಗಂಜಿ ಆರಿಸಿ, ಉಪ್ಪು ಹಾಕಿ, ಮಗನ ಮುಂದಿಟ್ಟೆ. ಅವನು ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕುಡಿದ. ನಾನು ಅವನ ತುಟಿ ನೋಡುತ್ತಿದ್ದೆ, ಕುತ್ತಿಗೆ ನೋಡುತ್ತಿದ್ದೆ, ಅಂಗಿ ಎತ್ತಿ ಬೆನ್ನು ನೋಡುತ್ತಿದ್ದೆ. ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಕಸಬರಿಕೆ ಹಿಡಿದುಕೊಂಡೇ ಗಿರಿಜಕ್ಕ ಬಂದು ನಿಂತಿದ್ದರು. ಅವರೂ ಅವನ ತುಟಿಯನ್ನೇ ನೋಡುತ್ತಿದ್ದರು.

ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ. ಹೋಗಿ ಎಂದೂ ಹೇಳಲಿಲ್ಲ.