ರಾಮಲಿಂಗಪ್ಪ ಸೀರೆಗೆ ರೇಟು ಹುಡುಕಿದ್ದು

ಬಾಲ್ಟಿಮೋರ್ ಪಕ್ಕದ ಎಲಿಕಾಟ್ ಸಿಟಿಯ ನಮ್ಮ ರಾಮಲಿಂಗಪ್ಪನಷ್ಟು ಬೆಲೆ ಬಲ್ಲ ಮನುಷ್ಯ ಅಟ್ಲಾಂಟಾದಿಂದ ವಾಷಿಂಗ್ಟನ್ನಿನವರೆಗೆ ಇನ್ನೊಬ್ಬನಿಲ್ಲ. ಮೂವತ್ತು ವರ್ಷ ಸೇತುವೆ ಕಟ್ಟಿಸಿ ನಿವೃತ್ತನಾದ ಈ ಬಾಗಲಕೋಟೆಯ ಇಂಜಿನಿಯರು ಹಲ್ಲುಕಡ್ಡಿ ಕೊಳ್ಳಬೇಕಾದರೂ ಹದಿನಾಲ್ಕು ಅಂಗಡಿ ಹೋಲಿಸುತ್ತಿದ್ದ. ಅಷ್ಟರಲ್ಲಿ ಹಲ್ಲಿನಲ್ಲಿ ಸಿಕ್ಕಿದ್ದು ತಾನಾಗಿ ಕರಗಿರುತ್ತಿತ್ತು. ಒಮ್ಮೆ ಈರುಳ್ಳಿ ಪೌಂಡಿಗೆ ಹತ್ತು ಸೆಂಟ್ ಕಡಿಮೆಯೆಂದು ನನ್ನನ್ನೂ ಕೂರಿಸಿಕೊಂಡು ನಾರ್ತ್ ಕೆರೊಲಿನಾದ ಏಪೆಕ್ಸ್‌ವರೆಗೆ ಕಾರು ಓಡಿಸಿದ್ದ. ಮನೆ ಮುಟ್ಟುವಾಗ ಈರುಳ್ಳಿ ಮೊಳೆತು ಹೂವನ್ನೇ ಬಿಟ್ಟಿತ್ತು.

ಹೀಗಿರುವವನ ಫೋನಿಗೆ ಹೋದ ವರ್ಷ ಹೊಸ ಸೌಕರ್ಯವೊಂದು ಬಂತು. ಹುಡುಕುವ ಆ್ಯಪ್ ತೆರೆದು ವಸ್ತುವಿನ ಫೋಟೋ ತೆಗೆದರೆ ಸಾಕು. ಅದು ಏನು, ಎಲ್ಲಿ ಎಷ್ಟು, ಹೋದ ತಿಂಗಳು ಎಷ್ಟಿತ್ತು ಎಂದೆಲ್ಲ ಒದರುತ್ತದೆ. ಅಷ್ಟೇ ಅಲ್ಲ, ಕೇಳುವವರ ಅಭಿರುಚಿ ನೋಡಿಕೊಂಡು ಉತ್ತರ ಕೊಡುತ್ತದೆ. ರಾಮಲಿಂಗಪ್ಪನ ಅಭಿರುಚಿ ಮೂರೇ ದಿನದಲ್ಲಿ ಅದಕ್ಕೆ ತಿಳಿಯಿತು. ಎಲ್ಲಕ್ಕಿಂತ ಅಗ್ಗದ್ದು ಎಲ್ಲಕ್ಕಿಂತ ಮೇಲೆ ಬರತೊಡಗಿತು.

ಅದೇ ತಿಂಗಳು ಅವನ ಸೊಸೆ ಸೌಮ್ಯಾಳ ಕುಬಸ. ನಮ್ಮ ಕರಾವಳಿಯ ಕಡೆ ಸೀಮಂತ ಅನ್ನುತ್ತೇವೆ. ಐವತ್ತು ಜನ ಉಂಡು, ಬೇಸ್‌ಮೆಂಟಿನಲ್ಲಿ ಸೋಫಾಗಳೇ ನರಳುವಂತೆ ಕುಳಿತಿದ್ದೆವು. ಉಡಿ ತುಂಬಿದ ಸೀರೆ, ಕುಬಸದ ಖಣಗಳೆಲ್ಲ ಮೇಜಿನ ಮೇಲಿದ್ದವು. ಸುಮ್ಮನಿರಲಾರದ ನಾನು ಒಂದು ಸೀರೆ ಎತ್ತಿ ಅವನ ಮುಂದೆ ಹಿಡಿದೆ.

"ಮಾರಾಯಾ, ಇದಕ್ಕೆ ನಿನ್ನ ಫೋನ್ ಎಂತ ಹೇಳ್ತದೆ, ನೋಡುವ."

"ಹಿಡಿ ಶೀನಪ್ಪಾ, ಅಲುಗಾಡಿಸಬ್ಯಾಡ," ಎಂದು ಫೋಟೋ ತೆಗೆದವನು ವಾರ್ತೆ ಓದುವವರ ಗಂಟಲಿನಲ್ಲಿ ಶುರುಮಾಡಿದ. "ಕೇಳ್ರಪಾ! ಇಳಕಲ್ ಮಾದರಿ ಸೀರಿ. ಪಾಲಿಯೆಸ್ಟರ್. ಹದಿನೆಂಟು ಡಾಲರ್ ತೊಂಬತ್ತೊಂಬತ್ತು ಸೆಂಟ್! ಹೋದ ತಿಂಗಳ ಹದಿನಾರಿತ್ತು. ಪಾಪ, ಯಾರೋ ತುಟ್ಟಿ ಕೊಟ್ಟು ತಂದಾರ!"

ಬೇಸ್‌ಮೆಂಟು ನಕ್ಕಿತು. ನನ್ನ ನಗು ಬಾಲ್ಟಿಮೋರ್ ಬಂದರಿನ ಹಡಗುಗಳಿಗೂ ಕೇಳಿಸಿರಬೇಕು.

ಮೆಟ್ಟಿಲ ಬಳಿ ಹೋಳಿಗೆಯ ಡಬ್ಬಿ ಹಿಡಿದು ನಿಂತಿದ್ದ ಚನ್ನಮ್ಮ ಮಾತ್ರ ನಗಲಿಲ್ಲ. ಸೆಂಟರ್‌ವಿಲ್‌ನಲ್ಲಿ ಮಗಳು ರಚನಾಳ ಜೊತೆಗಿರುವ ಇಳಕಲ್ಲಿನ ಹೆಂಗಸು. ಇಪ್ಪತ್ತು ವರ್ಷದಿಂದ ಈ ಮನೆಯ ಯಾವ ಹಬ್ಬಕ್ಕೂ ತಪ್ಪಿದವಳಲ್ಲ.

"ಹೂಂರಿ ಅಣ್ಣಾರ, ನಾನ ತಂದದ್ದು," ಎಂದಳು. "ಸೋವಿ ಇತ್ತು, ತಗೊಂಡ್ನಿ."

ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸೌಮ್ಯಾಳ ತಲೆ ಸವರಿ, ಮನೆ ದೂರ, ಹೋಗಬೇಕು ಎನ್ನುತ್ತ ಹೊರಟುಬಿಟ್ಟಳು.

ಜನ ಹೋದ ಮೇಲೆ ರಾಮಲಿಂಗಪ್ಪನ ಹೆಂಡತಿ ಶಾಂತಾಬಾಯಿ ಆ ಸೀರೆ ಬಿಡಿಸಿದರು. ಸೆರಗು ಕೂಡುವ ಕಡೆ ಬೆರಳಾಡಿಸಿದರು.

"ಇಲ್ಲಿ ನೋಡ್ರಿ. ಒಡಲಿಗೂ ಸೆರಗಿಗೂ ಕೊಂಡಿ ಹಾಕ್ಯಾರ. ಒಂದೊಂದು ಎಳಿ ಕೈಲೇ ಕೂಡಿಸಿದ್ದು, ಕೈಮಗ್ಗದ ಅಸಲಿ ಇಳಕಲ್. ಬಾಗಲಕೋಟಿ ನೀರು ಕುಡಿದವರಿಗೆ ತಿಳೀಲಿಲ್ಲೇನು? ಮುಟ್ಟಿ ನೋಡಾಕ ಕೈ ಇರಲಿಲ್ಲೇನು?"

"ಕೈಯಾಗ ಫೋನ್ ಇತ್ತು," ಎಂದ ರಾಮಲಿಂಗಪ್ಪ.

ಮರುದಿನ ಅವನು ಕರೆ ಮಾಡಿದರೆ ಚನ್ನಮ್ಮ ಫೋನ್ ಎತ್ತಲಿಲ್ಲ. ರಚನಾ ಎತ್ತಿದಳು. "ಅಂಕಲ್, ಅದು ನಮ್ಮ ಅಜ್ಜಿ ನೇಯ್ದಿದ್ದು. ಲಾಸ್ಟ್ ಸೀರೆ. ಆಮೇಲೆ ಅವರಿಗೆ ಕಣ್ಣು ಕಾಣ್ತಿರ್ಲಿಲ್ಲ. ಅಮ್ಮ ನನಗೆ ಅಂತ ಇಟ್ಟಿದ್ರು. ನಾನು ಸೀರೆ ಉಡಲ್ವಲ್ಲ, ಸೋ, ಉಡೋರಿಗೆ ಸೇರ್ಲಿ ಅಂತ ಕೊಟ್ರು. ಇಟ್ಸ್ ಓಕೆ ಅಂಕಲ್."

ಓಕೆ ಎಂದದ್ದೇ ಅವನಿಗೆ ಹೆಚ್ಚು ಚುಚ್ಚಿತು. ಜನ ಮರೆತರೂ ಫೋನು ಮರೆಯಬೇಕಲ್ಲ? ಇವನಿಗೆ ಆ ಸೀರೆಯೇ ಬೇಕೆಂದು ಅದು ತಿಳಿದುಕೊಂಡಿತ್ತು. ಮಂಡಿನೋವಿನ ಪಟ್ಟಿ ಹುಡುಕಿದರೆ ಇಳಕಲ್ ಮಾದರಿ ಸೀರೆ. ನಾಳೆ ಮಳೆಯೇ ಎಂದು ಕೇಳಿದರೆ ಸೀರೆ. 'ನಿಮಗಾಗಿ: ಬೆಲೆ ಇಳಿದಿದೆ, ಹದಿನೈದು ಡಾಲರ್!' ಆರು ಅಡಿಯ ಆಳು ಫೋನ್ ಗುಂಯ್ ಎಂದರೆ ಸೋಫಾ ಹಿಂದೆ ಅಡಗುವಂತಾದ. ಅದನ್ನೆಲ್ಲ ಒಂದೇ ನಿಮಿಷದಲ್ಲಿ ಡಿಲೀಟ್ ಮಾಡಿಕೊಡ್ತೀನಿ ಎಂದು ಮಗ ಅಮೃತ್ ಬಂದ.

"ಬ್ಯಾಡ. ಇರಲಿ," ಎಂದ ರಾಮಲಿಂಗಪ್ಪ.

ಕೊನೆಗೊಂದು ಭಾನುವಾರ ಕ್ಷಮೆ ಕೇಳಲು ಸೆಂಟರ್‌ವಿಲ್‌ಗೆ ಹೊರಟೆವು. ಸೀರೆ ಎತ್ತಿ ಹಿಡಿದ ಪಾಪಿ ನಾನೇ ಆದ್ದರಿಂದ ನಾನೂ ಜೊತೆಗೆ. ಏನು ಒಯ್ಯುವುದೆಂದೇ ಹೊಳೆಯಲಿಲ್ಲ. ಹಣ್ಣಿನ ಬುಟ್ಟಿ ನೋಡಿದರೂ ಅವನ ತಲೆಯಲ್ಲಿ ಅದರ ರೇಟು ಓಡುತ್ತಿತ್ತು. ಬರಿಗೈಯಲ್ಲೇ ಹೋದೆವು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತು, ಬಾಗಿಲು ತೆರೆಯುತ್ತಲೇ ಅವನಿಗೆ ಮರೆತುಹೋಯಿತು.

"ಚನ್ನವ್ವಾ, ನಾ ಕೈಲೆ ಮುಟ್ಟಲೇ ಇಲ್ಲವಾ," ಎಂದಷ್ಟೇ ಅಂದ.

"ನಾನೇ ಎತ್ತಿ ಹಿಡಿದದ್ದಮ್ಮ," ಎಂದೆ ನಾನು.

"ಆಗ್ಲಿ ಬಿಡ್ರಿ ಅಣ್ಣಾರ. ರೊಟ್ಟಿ ಬಿಸಿ ಅದಾವ, ಉಣ್ಣ ಬರ್ರಿ," ಎಂದಳು. ಬಡಿಸಿದಳು, ಮತ್ತೆ ಮತ್ತೆ ಬಡಿಸಿದಳು. ಸೀರೆಯ ಸುದ್ದಿ ತೆಗೆಯಲಿಲ್ಲ, ನಮಗೂ ತೆಗೆಯಗೊಡಲಿಲ್ಲ. ಬರುವಾಗ ಕಾರಿನಲ್ಲಿ ರಾಮಲಿಂಗಪ್ಪ, "ಎಲ್ಲಾ ಸರಿಹೋತಲ್ಲ ಶೀನಪ್ಪಾ?" ಎಂದು ಎಂಟು ಸಲ ಕೇಳಿದ. ನಾನು ಎಂಟು ಸಲವೂ ಹೌದೆಂದೆ.

ಮಗು ಹುಟ್ಟಿತು. ತೊಟ್ಟಿಲ ಶಾಸ್ತ್ರಕ್ಕೆ ಸೌಮ್ಯಾ ಅದೇ ಸೀರೆ ಉಟ್ಟು, ಚನ್ನಮ್ಮ ಬರಲೆಂದು ಮಗುವನ್ನು ತೊಟ್ಟಿಲಿಗೆ ಹಾಕದೆ ಕಾದಳು. ರಚನಾ ಒಬ್ಬಳೇ ಬಂದಳು. ಅಮ್ಮನಿಗೆ ಕಾಲುನೋವು ಎಂದು ಹೇಳಿ ಚೀಲವೊಂದನ್ನು ಕೊಟ್ಟಳು. ಒಳಗೆ ಒಂದು ಡಬ್ಬಿಯಲ್ಲಿ ಅಂಗಡಿಯಿಂದ ತಂದ ಮಗುವಿನ ಅಂಗಿ. ಉಡುಗೊರೆ ಕೊಡುವ ಮುಂಚೆ ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದಾದರೂ ತೆಗೆಯುವ ಜನ ನಾವು. ಈ ಡಬ್ಬಿಯ ಮೇಲೆ ಮಾತ್ರ ಚೀಟಿ ನೆಟ್ಟಗೆ ಕೂತಿತ್ತು.

"ಅಮ್ಮನೇ ತೆಗೀಬೇಡ ಅಂದ್ರು ಅಂಕಲ್," ಎಂದು ರಚನಾ ತಲೆ ತಗ್ಗಿಸಿದಳು. "ಪಾಪ, ನಿಮಗೆ ಹುಡುಕೋ ತೊಂದರೆ ಯಾಕೆ ಅಂತ."

ರಾಮಲಿಂಗಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕುಳಿತ. ಒಳಗೆ ಹೆಂಗಸರು ಜೋಗುಳ ಹಾಡಿ ಮುಗಿಸುವವರೆಗೂ ಉಗುರಿನಿಂದ ಆ ಚೀಟಿ ಕೆರೆಯುತ್ತಲೇ ಇದ್ದ. ಕಾಗದ ಬಂತು, ಅಂಟು ಬರಲಿಲ್ಲ.